ಪೆಟ್ಟಿಗೆ ಮೇಷ್ಟ್ರ ಲೆಕ್ಕ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಶಿಕ್ಷಣ ಇಲಾಖೆಯ ಕಡತದಲ್ಲಿ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಸೀಮೆಯಲ್ಲಿ ಪಿಯಾನೊ ಕಾಣಸಿಗುವುದು ಅಪರೂಪ. ಆದರೆ ಕರಿ-ಬಿಳಿ ಮನೆಗಳ ಮೇಲೆ ಬೆರಳಾಡಿಸುವ ವಿದ್ಯೆ ಇಲ್ಲಿನವರಿಗೆ ಹೊಸದೇನಲ್ಲ. ಸುಗ್ಗಿ ಮುಗಿದು, ಈ ಸಲ ‘ಕುರುಕ್ಷೇತ್ರ’ ಆಡೋಣ ಎಂದು ಊರವರು ಕೂತು ಮಾತಾಡಿದರೆ, ದುರ್ಯೋಧನನ ಪಾರ್ಟು ಯಾರಿಗೆ ಎಂಬುದರ ಜೊತೆಗೇ ಏಳುವ ಪ್ರಶ್ನೆ ಹಾರ್ಮೋನಿಯಂಗೆ, ಅಂದರೆ ಪೆಟ್ಟಿಗೆಗೆ, ಯಾವ ಮೇಷ್ಟ್ರು ಎಂಬುದು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯಲ್ಲಿ. ಆ ಕಂಪನಿಯ ಗುಬ್ಬಿ ವೀರಣ್ಣನವರು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದರು. ಆ ಹುಚ್ಚು ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಇಳಿದಿಲ್ಲ.

ಪೆಟ್ಟಿಗೆ ಮೇಷ್ಟ್ರ ಕೆಲಸವನ್ನು ಒಂದು ಗಳಿಗೆ ಯೋಚಿಸಿ ನೋಡಿ. ರಾತ್ರಿ ಶುರುವಾದ ನಾಟಕ ಬೆಳಕು ಹರಿಯುವವರೆಗೆ ನಡೆಯುತ್ತದೆ. ಕೃಷ್ಣ, ಭೀಮ, ಕರ್ಣ, ಶಕುನಿ, ದ್ರೌಪದಿ, ಅಭಿಮನ್ಯು, ಒಬ್ಬೊಬ್ಬರಿಗೂ ಬೇರೆ ಬೇರೆ ಕಂದಪದ್ಯ, ವೃತ್ತ, ಹಾಡು. ಹಾಡುವವರು ಒಕ್ಕಲುತನದವರು, ಬಸ್ ಡ್ರೈವರ್‌ಗಳು, ಶಾಲಾ ಮೇಷ್ಟ್ರುಗಳು. ಒಬ್ಬರ ಕಂಠ ಎರಡೂವರೆ ಮನೆಯ ಶ್ರುತಿಗೆ ನಿಂತರೆ ಇನ್ನೊಬ್ಬರದು ಐದನೇ ಮನೆಗೆ ಏರುತ್ತದೆ. ಯಾರಾದರೂ ಸಾಲು ಮರೆತರೆ ಪೆಟ್ಟಿಗೆಯೇ ಎತ್ತಿಕೊಡಬೇಕು. ಇಷ್ಟನ್ನೂ ನಿಭಾಯಿಸುವವರ ಬಳಿ ಕಷ್ಟದ ಒಂದು ಹಾಡಿದ್ದರೆ ಸಾಲದು. ಕೈ ಇಟ್ಟ ಕೂಡಲೇ ಬರುವ ಹತ್ತಾರು ಮಟ್ಟುಗಳು ಬೇಕು.

ಈಗಿನ ಮಕ್ಕಳ ಎದುರಿಗಿರುವುದು 61 ಕೀಲಿಗಳ ಕೀಬೋರ್ಡು. ಪಾಠಕ್ಕೆ ತುಮಕೂರಿಗೆ ಹೋಗುವವರುಂಟು, ಫೋನನ್ನೇ ಗುರು ಮಾಡಿಕೊಂಡವರೂ ಉಂಟು. ಮನೆಗೆ ವಾದ್ಯ ಬಂದ ವಾರದಲ್ಲೇ ಬಹಳಷ್ಟು ಮಕ್ಕಳು ಕೈ ಹಾಕುವುದು ಬೀತೋವನ್‌ನ ‘ಫ್ಯೂರ್ ಎಲೀಸ್’ಗೆ. 1810ರ ಆ ರಚನೆಯ ಮೊದಲ ಸಾಲು ಯಾರ ಬೆರಳಿಗಾದರೂ ಬೇಗ ಒಗ್ಗುತ್ತದೆ. ಮುಂದೆ ಬಲಗೈ ಸರಸರ ಓಡಬೇಕಾದ ಭಾಗ ಬರುತ್ತದೆ. ಅದಾದ ಮೇಲೆ ಎಡಗೈ ಕೆಳಗಿನ ಒಂದೇ ಸ್ವರವನ್ನು ಬಿಡದೆ ಬಡಿಯುವ, ಎದೆ ನಡುಗಿಸುವ ಭಾಗ. ಹೆಚ್ಚಿನವರು ಅಲ್ಲಿಯವರೆಗೆ ತಲುಪುವುದೇ ಇಲ್ಲ. ಸಿನಿಮಾ ಹಾಡಿನ ಪಲ್ಲವಿ, ಇನ್ನೊಂದರ ಬಿಜಿಎಂ, ಮತ್ತೊಂದರ ಅರ್ಧ ಚರಣ, ಹೀಗೇ ವರ್ಷ ಕಳೆಯುತ್ತದೆ. ನೆಂಟರ ಮುಂದೆ ‘ಒಂದು ನುಡಿಸಪ್ಪ’ ಅಂದರೆ ಆರಂಭದಿಂದ ಕೊನೆಯವರೆಗೆ ನುಡಿಸಲು ಒಂದೂ ಇರುವುದಿಲ್ಲ. ಪ್ರತಿಭೆ ಇಲ್ಲ ಅಂದುಕೊಂಡು ಆ ಮಗು ಕೀಬೋರ್ಡನ್ನು ಬೀರುವಿನ ಮೇಲೆ ಇಟ್ಟುಬಿಡುತ್ತದೆ. ನನಗೆ ತುಂಬ ಸಂಕಟವಾಗುವುದು ಇಲ್ಲೇ. ಮಗುವಿನಲ್ಲಿ ಕೊರತೆಯಿರಲಿಲ್ಲ, ಗುರಿ ಇಟ್ಟ ಕ್ರಮವೇ ತಪ್ಪಿತ್ತು.

ಗ್ರೇಡ್ ಪರೀಕ್ಷೆ ಹಿಡಿದವರಿಗೆ ಇದರ ಉಲ್ಟಾ ಕಷ್ಟ. ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ ನಡೆಸುವ ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ರಚನೆ ಸಾಕು. ಒಂದೊಂದಕ್ಕೆ 30 ಅಂಕ, ಉಳಿದದ್ದು ಸ್ಕೇಲು, ನೋಟು ನೋಡಿ ಅಲ್ಲೇ ನುಡಿಸುವುದು, ಕಿವಿಯ ಪರೀಕ್ಷೆ. ಒಟ್ಟು 150ಕ್ಕೆ 100 ಬಂದರೆ ಪಾಸು. ನಾಲ್ಕು ರಚನೆಗಳ ವಿಡಿಯೊ ಕಳಿಸುವ ಪರೀಕ್ಷೆಯೂ 2020ರಿಂದ ಇದೆ. ಬೆಂಗಳೂರಿನಿಂದ ಬಲು ದೂರದ ಪಾವಗಡದ ಹುಡುಗಿಗೆ ಇದು ದೊಡ್ಡ ಅನುಕೂಲ. ಟ್ರಿನಿಟಿ ಕಾಲೇಜಿನವರು ಎಲೆಕ್ಟ್ರಾನಿಕ್ ಕೀಬೋರ್ಡಿಗೇ ಪ್ರತ್ಯೇಕ ಗ್ರೇಡುಗಳನ್ನು ಇಟ್ಟಿದ್ದಾರೆ. ಪಿಯಾನೊ ಇಲ್ಲದ ಊರಿಗೆ ಅದೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಬೇಡ ಅನ್ನುತ್ತಿಲ್ಲ. ಆದರೆ ಮೂರೇ ರಚನೆಗಳನ್ನು ಹತ್ತು ತಿಂಗಳು ತೇಯ್ದ ಮಗುವಿಗೆ ಹೊಸ ಹಾಡೊಂದನ್ನು ಕೊಟ್ಟರೆ ತಡವರಿಸುತ್ತದೆ. ಇದನ್ನು ಕಂಡೇ ಆಸ್ಟ್ರೇಲಿಯಾದ ಸಂಯೋಜಕಿ, ಪಿಯಾನೊ ಶಿಕ್ಷಕಿ ಎಲಿಸ್ಸಾ ಮಿಲ್ನ್ ವರ್ಷಕ್ಕೆ 40 ರಚನೆ ಕಲಿಯುವ ಸವಾಲನ್ನು ಬಳಕೆಗೆ ತಂದರು. ಅವುಗಳಲ್ಲಿ ಬಹುಪಾಲು ಸುಲಭದವು, ಬೇಗ ಕಲಿತು ಮುಗಿಸುವಂಥವು. ನಮ್ಮ ಪೆಟ್ಟಿಗೆ ಮೇಷ್ಟ್ರು ಯಾವ ಸವಾಲಿನ ಹೆಸರೂ ಇಲ್ಲದೆ ಒಂದೊಂದು ಸೀಸನ್ನಿಗೆ ಮಾಡಿಕೊಂಡು ಬಂದಿರುವುದು ಇದನ್ನೇ.

ಹಾಗಾದರೆ ಎರಡನೇ ವರ್ಷದ ವಿದ್ಯಾರ್ಥಿ ಎಷ್ಟು ಹಾಡಿನ ಗುರಿ ಇಟ್ಟುಕೊಳ್ಳಬೇಕು? ವಾರ, ಎರಡು ವಾರದಲ್ಲಿ ಪೂರ್ತಿ ಕೈಗೆ ಬರುವ ಚಿಕ್ಕವು ಹತ್ತು-ಹನ್ನೆರಡು. ತಿಂಗಳು, ಒಂದೂವರೆ ತಿಂಗಳು ಬೇಡುವಂಥವು ಮೂರು. ಕೈಗೆ ಸ್ವಲ್ಪ ಎತ್ತರದ್ದು, ಆಸೆಯದ್ದು, ಒಂದೇ ಒಂದು. ಆ ಒಂದನ್ನು ಮಗುವೇ ಆರಿಸಲಿ. ‘ಫ್ಯೂರ್ ಎಲೀಸ್’ ಆದರೂ ಸರಿ, ನಾಟಕದ ದೊಡ್ಡ ವೃತ್ತವಾದರೂ ಸರಿ. ಅದಕ್ಕೆ ವರ್ಷವಿಡೀ ಟೈಮು ಕೊಡಿ, ಮುಗಿಯದಿದ್ದರೆ ಮುಂದಿನ ವರ್ಷಕ್ಕೆ ಹೋಗಲಿ.

ಒಂದು ಹಾಡು ಸುಲಭವೋ ಕಷ್ಟವೋ ಎಂದು ಅಳೆಯುವಾಗ ನಮ್ಮ ಕಡೆಯವರು ಎಡಗೈ ನೋಡಬೇಕು. ಕೈಪೆಟ್ಟಿಗೆಯಲ್ಲಿ ಎಡಗೈಗೆ ತಿದಿ ಒತ್ತುವುದೇ ಕೆಲಸ, ಸ್ವರವೆಲ್ಲ ಬಲಗೈಯದು. ಆ ರೂಢಿಯಿಂದ ಕೀಬೋರ್ಡಿಗೆ ಬಂದವರ ಬಲಗೈ ಮೂರನೇ ವರ್ಷದ ಪಾಠದಲ್ಲಿದ್ದರೆ ಎಡಗೈ ಮೊದಲ ತಿಂಗಳಲ್ಲೇ ಇರುತ್ತದೆ. ಹಾಗಾಗಿ ಎಡಗೈ ಯಾವ ಹಂತದಲ್ಲಿದೆಯೋ ಆ ಹಂತದ ಹಾಡನ್ನೇ ಆರಿಸಬೇಕು, ಬಲಗೈಗೆ ಎಷ್ಟೇ ಬೇಜಾರಾದರೂ. ಕಾಲಲ್ಲಿ ತಿದಿ ಒತ್ತುವ ಕಂಪನಿ ಕಾಲದ ಲೆಗ್ ಹಾರ್ಮೋನಿಯಂನಲ್ಲಿ ಎರಡೂ ಕೈ ಬಿಡುವಾಗಿರುತ್ತಿದ್ದವು. ಅದರಲ್ಲಿ ಪಳಗಿದ ಹಿರಿಯರು ಊರಲ್ಲಿದ್ದರೆ ಮಕ್ಕಳು ಅವರ ಎಡಗೈಯನ್ನು ಗಮನಿಸಲಿ.

ಇನ್ನು ರಾಗದ ಮಾತು. ಕೀಲಿಯ ಮೇಲೆ ಗಮಕ ಬಾರದು. ತೋಡಿಯನ್ನು ಪಿಯಾನೊದಲ್ಲಿ ಸಾಧಿಸುತ್ತೇನೆಂದು ಹೊರಟರೆ ಸಿಗುವುದು ಸ್ವರಗಳ ಅಸ್ಥಿಪಂಜರ. ಮೋಹನ, ಹಂಸಧ್ವನಿಯಂಥವು ಮಾತು ಕೇಳುತ್ತವೆ. ಮೋಹನವನ್ನು ನಾಲ್ಕೂವರೆ ಮನೆಯಿಂದ ಹಿಡಿದರೆ ಐದೂ ಸ್ವರ ಕರಿ ಮನೆಗಳಲ್ಲೇ ಬರುತ್ತವೆ. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋರದು. ಶಂಕರಾಭರಣವನ್ನು ಒಂದನೇ ಮನೆಯಿಂದ ಹಿಡಿದರೆ ಎಲ್ಲವೂ ಬಿಳಿ. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು, ಅಂದರೆ ಪಾಶ್ಚಾತ್ಯ ಧಾಟಿಯ ಪುಟ್ಟ ರಚನೆಗಳು, ಆ ಶಂಕರಾಭರಣದವೇ. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಗೂ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದ್ದಾರೆ. ಈ ನೋಟುಸ್ವರಗಳು ಚಿಕ್ಕವು, ಗಮಕದ ಹಂಗಿಲ್ಲದವು, ಎಡಗೈಗೆ ಸರಳ ಜೊತೆ ಕೊಡಬಹುದಾದವು. ಸರಳೆ, ಜಂಟಿ, ಅಲಂಕಾರ ದಾಟಿ ಗೀತೆಗೆ ಬಂದ ಮಗುವಿಗೆ ಇವು ಸಲೀಸು. ಆದರೂ ಕೀಬೋರ್ಡ್ ತರಗತಿಗಳಲ್ಲಿ ಇವನ್ನು ಕಲಿಸುವವರು ಏಕಿಷ್ಟು ಕಡಿಮೆ?

ಹೀಗೆ ಆರಿಸುವಾಗ ಗುರಿ ಬದಲಾದರೆ ಸೋತಂತೆ ಎಂದು ಕೊರಗುವವರು ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನೆಯಬಹುದು. ಕಛೇರಿ ಪಿಯಾನೊ ವಾದಕರಾಗುವ ಕನಸಿತ್ತು ಅವರಿಗೆ. 1940ರಲ್ಲಿ ಪಟ್ಟವೇರಬೇಕಾಗಿ ಬಂದು ಆ ಕನಸು ನಿಂತಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದರು, ರಷ್ಯದ ಸಂಯೋಜಕ ಮೆಟ್ನರ್‌ನ ಧ್ವನಿಮುದ್ರಣಗಳಿಗೆ ಹಣ ಕೊಟ್ಟರು, ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಕರ್ನಾಟಕ ಸಂಗೀತದತ್ತಲೂ ತಿರುಗಿ 94 ಕೃತಿಗಳನ್ನು ರಚಿಸಿದರು.

ಕಲಿತದ್ದು ಉಳಿಯಬೇಕಲ್ಲ, ಅದೇ ಕಠಿಣ. ಕೈಯಲ್ಲಿರುವ ಹಾಡುಗಳ ಪಟ್ಟಿಯೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾರಕ್ಕೊಮ್ಮೆ ಹೊಸ ಪಾಠ ಬಿಟ್ಟು ಹಳೆಯವನ್ನೇ ನುಡಿಸಿ. ತಡೆಯಿಲ್ಲದೆ ಬಂದರೆ ಪಟ್ಟಿಯಲ್ಲಿ ಇರಲಿ, ಇಲ್ಲವಾದರೆ ಹೊಡೆದುಹಾಕಿ ಮತ್ತೆ ಕಲಿಯಿರಿ. ಟ್ರಾನ್ಸ್‌ಪೋಸ್ ಗುಂಡಿ ಒತ್ತದೆ ಇನ್ನೊಂದು ಶ್ರುತಿಯಲ್ಲೂ ಬಂದರೆ ಮಾತ್ರ ಅದು ನಿಮ್ಮದು. ಗುರಿಗೊಂದು ತಾರೀಕೂ ಬೇಕು. ಪ್ರತಿಭಾ ಕಾರಂಜಿ, ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಯಾವುದಾದರೂ ಆದೀತು.

ಊರಿನ ನಾಟಕ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ತಾಲೀಮು ಶುರುವಾದಾಗ ಕೀಬೋರ್ಡ್ ಕಲಿಯುತ್ತಿರುವ ಒಂದಿಬ್ಬರು ಮಕ್ಕಳನ್ನು ಮೇಷ್ಟ್ರ ಪಕ್ಕ ಕೂರಿಸಿ. ಪರೀಕ್ಷೆಯ ಓದಿಗೆ ಅಡ್ಡಿಯಾಗದಂತೆ ಸಂಜೆ ಒಂದು ಗಂಟೆ ಸಾಕು. ಯಾರಾದರೊಬ್ಬ ಪಾತ್ರಧಾರಿಯ ಎರಡು ಹಾಡುಗಳನ್ನು, ಅವರದೇ ಶ್ರುತಿಯಲ್ಲಿ, ಮಗುವಿಗೆ ಒಪ್ಪಿಸಿ. ನಾಟಕದ ರಾತ್ರಿ ಆ ಎರಡನ್ನು ಮಗುವೇ ನುಡಿಸಲಿ, ಉಳಿದದ್ದನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ.