ಸದ್ದಿಗೆ ಗಡಿಯಿಲ್ಲ, ಅಹವಾಲಿಗೆ ಇದೆ

ಮಡಕಶಿರಾ: ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಕಡೆಗೆ ಬರಲಿ ಎಂಬುದು ಅಲ್ಲಿನ ಶಾಸಕ ಟಿ.ಬಿ. ಜಯಚಂದ್ರ ಅವರ ಒತ್ತಾಯ. ಗಡಿ ಈಚೆಯ ಅಗಳಿ, ರೊಳ್ಳ, ಅಮರಾಪುರದ ಕನ್ನಡ ಕುಟುಂಬಗಳಿಗೂ ಇದು ಸಂಬಂಧಪಟ್ಟ ಮಾತೇ.

2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ನೋಡಿಹೋದದ್ದು ಕನಕಪುರ ರಸ್ತೆ ಮತ್ತು ನೆಲಮಂಗಲ-ಕುಣಿಗಲ್ ರಸ್ತೆ ಬದಿಯ ಜಾಗಗಳನ್ನು. ಶಿರಾ ಆ ಪಟ್ಟಿಯಲ್ಲಿರಲಿಲ್ಲ. ಆದರೂ ಜಾಗ ಯಾವುದೇ ಆಗಲಿ, ಸುತ್ತಲಿನ ಊರವರು ಮೊದಲೇ ತಿಳಿದಿರಬೇಕಾದ ಲೆಕ್ಕವೊಂದಿದೆ.

ಯೋಜನೆ ಅಂದ ಕೂಡಲೇ ಎಲ್ಲರೂ ಕೇಳೋದು ಜಮೀನಿಗೆ ಎಷ್ಟು ಕೊಡ್ತಾರೆ ಅಂತ. ರಾಯದುರ್ಗದವರಿಗೆ ಹತ್ತಿರದ ಬಳ್ಳಾರಿ ತಾಲೂಕಿನ ಚಾಗನೂರು-ಸಿರಿವಾರದಲ್ಲಿ 2010ರ ಹೊತ್ತಿಗೆ ರೈತರು ಹೋರಾಡಿದ್ದೂ ವಿಮಾನ ನಿಲ್ದಾಣಕ್ಕೆ ಹೋಗಲಿದ್ದ ನೀರಾವರಿ ಭೂಮಿಗಾಗಿಯೇ. ಜಮೀನು ಹೋದವನಿಗೆ ಪರಿಹಾರವಾದರೂ ಉಂಟು. ಜಮೀನು ಉಳಿದು, ತಲೆ ಮೇಲೆ ವಿಮಾನ ಹಾರಿದರೆ ಕೇಳೋರ್ಯಾರು?

ಸರಾಸರಿಯ ಆಟ

ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಎನ್ನುತ್ತದೆ 2000ದ ಶಬ್ದ ಮಾಲಿನ್ಯ ನಿಯಮ. ವಿಮಾನ ನಿಲ್ದಾಣದ ಶಬ್ದ ವಲಯಕ್ಕೆ ಕೇಂದ್ರ ಸರ್ಕಾರ 2018ರ ಜೂನ್‌ನಲ್ಲಿ ಬೇರೆ ಮಿತಿ ಇಟ್ಟಿತು. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಬಾರಿ ವಿಮಾನ ಏರಿಳಿಯುವ ಕಡೆ ಹಗಲು 70, ರಾತ್ರಿ 65. ಉಳಿದೆಡೆ 65 ಮತ್ತು 60.

ಇವೆಲ್ಲ ಸರಾಸರಿ ಅಂಕಿಗಳು. ದಿನಕ್ಕೆ 10 ವಿಮಾನ, ಒಂದೊಂದೂ ಶಾಲೆ ಮೇಲೆ ಅರ್ಧ ನಿಮಿಷ 80 ಡೆಸಿಬೆಲ್ ಸದ್ದು ಮಾಡಿತು ಎನ್ನಿ. ಮಿಕ್ಕ ಹೊತ್ತಿನ ಸದ್ದು ಬಿಟ್ಟು, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ 16 ಗಂಟೆಗೆ ಹಂಚಿದರೆ ಸರಾಸರಿ ಬರೋದು ಸುಮಾರು 57. ಕಾಗದದಲ್ಲಿ ಪಾಸ್. ಹತ್ತು ಸಲ ಪಾಠ ನಿಂತದ್ದು ಮಾತ್ರ ಲೆಕ್ಕಕ್ಕೆ ಸಿಗಲ್ಲ.

ಹಾಗಾಗಿ ವರದಿಯಲ್ಲಿ ಸರಾಸರಿ ಜೊತೆಗೆ ಒಂದೊಂದು ಹಾರಾಟದ ಗರಿಷ್ಠ ಸದ್ದು ಎಷ್ಟು, ರಾತ್ರಿ ಎಷ್ಟು ವಿಮಾನ, ಯಾವ ಊರ ಮೇಲೆ ಎಂದು ಕೇಳಬೇಕು. ವಿಮಾನದ ಸದ್ದು ರಾತ್ರಿ 40 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನಮ್ಮ ಮಿತಿಗೂ ಅದಕ್ಕೂ ಅಂತರ ಬಹಳ.

ಅಹವಾಲು ಎಲ್ಲಿ?

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಹೊಸ ವಿಮಾನ ನಿಲ್ದಾಣಕ್ಕೆ ಕೇಂದ್ರದ ಪರಿಸರ ಅನುಮತಿ ಬೇಕು. ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು.

ತೊಡಕಿರೋದು ಇಲ್ಲೇ. ಅಹವಾಲು ನಡೆಯೋದು ಯೋಜನೆಯ ಜಾಗದಲ್ಲಿ ಅಥವಾ ಅದರ ಹತ್ತಿರ. ಕರ್ನಾಟಕದಲ್ಲಿ ನಡೆದರೆ ಕಾಗದ ಕನ್ನಡದಲ್ಲಿ, ಆದರೆ ಊರು ಬೇರೆ ರಾಜ್ಯದ್ದು. ಆಂಧ್ರದಲ್ಲಿ ನಡೆದರೆ ಊರು ನಮ್ಮದೇ, ಕಾಗದ ತೆಲುಗಿನಲ್ಲಿ. ಎರಡರಲ್ಲೂ ಗಡಿ ಕನ್ನಡಿಗ ಹಿಂದಿನ ಸಾಲಿನವನೇ.

ದಾರಿ ಇಲ್ಲದೇ ಇಲ್ಲ. ಸಭೆಗೆ ಹೋಗಲಾಗದಿದ್ದರೂ ಹಿತಾಸಕ್ತಿ ಇರುವವರು ಲಿಖಿತವಾಗಿ ಅಭಿಪ್ರಾಯ ಕಳಿಸಲು ಅದೇ ಅಧಿಸೂಚನೆಯಲ್ಲಿ ಅವಕಾಶವಿದೆ. ಕೆರೆ, ಬೋರ್‌ವೆಲ್, ಅಡಿಕೆ ತೋಟ, ಶಾಲೆ ಎಲ್ಲೆಲ್ಲಿವೆ ಎಂದು ಊರವರೇ ಬರೆದುಕೊಟ್ಟರೆ ವರದಿ ಬರೆಯುವವರು ತಿಳಿದಿರಲಿಲ್ಲ ಎನ್ನಲಾಗದು.

ಗಡಿಗೆ ಹತ್ತಿರ, ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಜಿಂಕೆಗಳು ಅರ್ಜಿ ಬರೆಯಲಾರವು. ಅವುಗಳ ಪರವಾಗಿಯೂ ಊರವರೇ ಬರೆಯಬೇಕು, ಅದೂ ಪ್ರಕಟಣೆಯ ದಿನಗಳು ಮುಗಿಯುವುದರೊಳಗೆ.