ಹತ್ತೂವರೆ ಗಂಟೆಯ ಸಾಂಬಾರು



ಪೋರೂರಿನ ನಮ್ಮ ಹೋಟೆಲಿಗೆ ಒಬ್ಬ ಹಿರಿಯರು ಬರುತ್ತಾರೆ. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚುವ ತನಕ ಅಲ್ಲಿನ ಕಾಯಂ ಗಿರಾಕಿ. ಒಂದು ದಿನ ಗಲ್ಲೆಯ ಹತ್ತಿರ ನಿಂತು, "ರಾಯರೇ, ಏಳಕ್ಕೆ ಬಂದರೆ ನಿಮ್ಮದು ಉಡುಪಿ ಸಾಂಬಾರು. ಹತ್ತೂವರೆಗೆ ಯಾವ ಊರಿನದ್ದೋ! ಈಗ ಎಲ್ಲ ಹೋಟೆಲಲ್ಲೂ ಇದೇ ಕಥೆ. ದುಡ್ಡು ಮಾತ್ರ ಎರಡೂ ಹೊತ್ತು ಒಂದೇ" ಎಂದರು. ಮಾರನೇ ದಿನ ಹತ್ತೂವರೆಗೆ ನಾನೇ ಕುಳಿತು ತಿಂದೆ. ಅವರ ಮಾತು ಸರಿ.

ಬೆಳಿಗ್ಗೆ ಐದಕ್ಕೆ ಇಳಿಸಿದ ಸಾಂಬಾರನ್ನು ಬಿಸಿಯಲ್ಲೇ ಇಡುತ್ತೇವೆ. 60 ಡಿಗ್ರಿಗಿಂತ ಮೇಲೆ ಇಡಲೇಬೇಕು, ಇಲ್ಲವಾದರೆ ಹಳಸುತ್ತದೆ. ಆದರೆ ಆ ಬಿಸಿಗೇ ಇಂಗು, ಒಗ್ಗರಣೆಯ ಪರಿಮಳ ಹಾರಿಹೋಗುತ್ತದೆ. ನೀರು ಆರಿ ಬೇಳೆ ಗಟ್ಟಿಯಾಗುತ್ತದೆ, ತರಕಾರಿ ಕರಗುತ್ತದೆ. ಗಡಿಬಿಡಿಯಲ್ಲಿ ಹುಡುಗರು ಚೆಂಬುಗಟ್ಟಲೆ ಬಿಸಿನೀರು ಸುರಿಯುತ್ತಾರೆ. ಅದಕ್ಕೆ ಅಳತೆ ಉಂಟೇ? ಉಪ್ಪು ಹುಳಿ ಎರಡೂ ಸಪ್ಪೆ.

ಈಗ ಬೇಳೆ, ಅರೆದ ಮಸಾಲೆ ಬೇರೆಬೇರೆ ಇಟ್ಟುಕೊಂಡು ಎರಡು ಸಲ ಸಾಂಬಾರು ಕೂಡಿಸುತ್ತೇವೆ, ಎರಡನೆಯದು ಒಂಬತ್ತಕ್ಕೆ. ಒಗ್ಗರಣೆಯೂ ಆಗಲೇ. ಭಟ್ಟರು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಗ್ಯಾಸ್ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಚೆಲ್ಲುವುದು ಕಡಿಮೆಯಾಗಿದೆ.

ಅವರ ಇನ್ನೊಂದು ದೂರು ದೊಡ್ಡ ಹೋಟೆಲುಗಳ ಸರ್ವೀಸ್ ಚಾರ್ಜಿನದು. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಹಾಕುವವರು ಗಮನಿಸಬೇಕು.

ಹೋದ ವಾರ ಅವರು ಹತ್ತೂವರೆಗೇ ಬಂದು ಎರಡನೇ ಬಟ್ಟಲು ಸಾಂಬಾರು ಕೇಳಿದರು. ಚಟ್ನಿಯ ವಿಷಯ ಇನ್ನೂ ಬಾಕಿ ಇದೆಯಂತೆ.