ಎರಡನೇ ಹುಂಜ ಕೂಗುವ ಮೊದಲು

ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕುವ ಆಸೆ ಈಗ ಬೆಂಗಳೂರು, ಮೈಸೂರಿನ ಹೊರಬಡಾವಣೆಗಳಿಗೂ ಬಂದಿದೆ. ಮನೆಯದೇ ಮೊಟ್ಟೆ, ಅಡುಗೆಮನೆಯ ಮುಸುರೆಗೊಂದು ಗತಿ, ಮಕ್ಕಳಿಗೆ ಆಟ. ಎಲ್ಲ ಸರಿಯೇ. ಆದರೆ ಕಾವಿಗೆ ಕೂತ ಹೇಂಟೆ 21ನೇ ದಿನಕ್ಕೆ ಹತ್ತು ಮರಿ ಎಬ್ಬಿಸಿದರೆ ಅದರಲ್ಲಿ ಐದರ ಆಸುಪಾಸು ಹುಂಜವೇ ಎಂಬ ಲೆಕ್ಕವನ್ನು ಯಾರೂ ಮೊದಲೇ ಹಾಕಿರುವುದಿಲ್ಲ. ನಾಲ್ಕೈದು ತಿಂಗಳ ಮೇಲೆ ಪಕ್ಕದ ಮನೆಯವರು ಕೆಂಗಣ್ಣಿನಲ್ಲಿ ಬಂದು ಆ ಲೆಕ್ಕ ಒಪ್ಪಿಸುತ್ತಾರೆ.

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ತಿನ್ನಲು ಮೊಟ್ಟೆ ಸಿಕ್ಕರಷ್ಟೇ ಸಾಕೆನ್ನುವವರಿಗೆ ಅದೂ ಬೇಡ. ಹುಂಜದ ಹಂಗಿಲ್ಲದೆಯೇ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿಯಾಗುವುದಿಲ್ಲ ಅಷ್ಟೆ. ಹುಂಜ ಹೆಚ್ಚಾದಲ್ಲಿ ಕಷ್ಟವೆಲ್ಲ ಹೇಂಟೆಗೆ. ಮೇಲಿಂದ ಮೇಲೆ ಹತ್ತಿಸಿಕೊಂಡು ಬೆನ್ನಿನ ಗರಿ ಉದುರಿ ಚರ್ಮ ಕಾಣುತ್ತದೆ, ಉಗುರು ತಾಗಿ ಪಕ್ಕೆ ಗಾಯವಾಗುತ್ತದೆ. ಹೆದರಿದ ಹೇಂಟೆ ಮೂಲೆ ಬಿಟ್ಟು ಮೇವಿಗೂ ಬಾರದು, ಮೊಟ್ಟೆಯೂ ಇಳಿಯುತ್ತದೆ.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಂಜ ಜಾಸ್ತಿಯಾಯಿತೆಂದು ತಲೆ ಕೆಡಿಸಿಕೊಂಡವರು ಅಪರೂಪ. ಯುಗಾದಿ ಮಾರನೇ ದಿನದ ಹೊಸತೊಡಕು, ಊರ ಮಾರಿಹಬ್ಬ, ಮಹಾಲಯ ಅಮಾವಾಸ್ಯೆಯ ಎಡೆ, ಹೇಳದೆ ಕೇಳದೆ ಬಂದಿಳಿಯುವ ಅಳಿಯ: ಪ್ರತಿಯೊಂದಕ್ಕೂ ಒಂದೊಂದು ಹುಂಜ ಲೆಕ್ಕದಲ್ಲಿರುತ್ತಿತ್ತು. ನಾಟಿ ಹುಂಜ ಸಾರಿಗೆ ತಕ್ಕಷ್ಟು ಬಲಿಯಲು ಐದಾರು ತಿಂಗಳು ಬೇಕು. ದಸರಾ ಹೊತ್ತಿಗೆ ಮೊಟ್ಟೆ ಕಾವಿಗೆ ಇಟ್ಟರೆ ಹೊಸತೊಡಕಿಗೆ ಹದ. ಉಳಿದದ್ದು ಸಂತೆಗೆ, ಕೈಯಲ್ಲಿ ಕಾಸಿಲ್ಲದ ದಿನ ಮನೆ ಹೆಂಗಸಿಗೆ ಹುಂಜವೇ ರೊಕ್ಕ. ನಗರದವರು ಕೋಳಿಯನ್ನು ತಂದರು, ಈ ಪಂಚಾಂಗವನ್ನು ಅಲ್ಲೇ ಬಿಟ್ಟು ಬಂದರು.

ಕರಾವಳಿಯಲ್ಲಿ ಇನ್ನೊಂದು ದಾರಿಯಿದೆ, ಕೋಳಿ ಅಂಕ. ಗಟ್ಟಿ ಹುಂಜಕ್ಕೆ ಅಲ್ಲಿ ಸಿಗುವ ಬೆಲೆ ಸಂತೆಯಲ್ಲಿ ಸಿಗದು. ಆದರೆ ಕಾಲಿಗೆ ಚೂರಿ ಕಟ್ಟಿ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ, ಮೇಲೆ ಜೂಜು ಬೇರೆ. ಅದನ್ನು ಸಂಪ್ರದಾಯವೆಂದು ಸಮರ್ಥಿಸುವವರ ಜೊತೆ ನನಗೆ ಸಹಮತವಿಲ್ಲ. ಸಾರಿನ ಹುಂಜಕ್ಕೆ ಸಾವಾದರೂ ಬೇಗ ಬರುತ್ತದೆ.

ನಸುಕಿನಲ್ಲೇ ಕೂಗಿ ಗೋಳು ಹೊಯ್ಯುವ ಒಂದು ಹುಂಜವನ್ನು ತೆಗೆದರೆ ಮನೆ ತಣ್ಣಗಾದೀತು ಎಂದುಕೊಳ್ಳುವವರಿಗೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರ ಅಧ್ಯಯನವೊಂದನ್ನು ಹೇಳಬೇಕು. ಹುಂಜ ಬೆಳಕು ಕಂಡು ಕೂಗುವುದಲ್ಲ, ಅದರ ಒಳಗೇ ಗಡಿಯಾರವಿದೆ ಎಂದು 2013ರಲ್ಲಿ ತೋರಿಸಿದವರು ಅವರು. 2015ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು: ನಾಲ್ಕಾರು ಹುಂಜ ಒಟ್ಟಿಗಿದ್ದರೆ ಮೊದಲ ಕೂಗು ಯಜಮಾನ ಹುಂಜದ್ದು, ಉಳಿದವು ದರ್ಜೆಯ ಪ್ರಕಾರ ಹಿಂದಿನಿಂದ. ಯಜಮಾನನನ್ನು ತೆಗೆದುಬಿಟ್ಟರೆ? ಎರಡನೆಯದು ಶುರುಮಾಡುತ್ತದೆ.

ಆದ್ದರಿಂದ ಆಯ್ಕೆ ಬೇಗ ನಡೆಯಬೇಕು. ಆರೆಂಟು ವಾರಕ್ಕೆ ಹುಂಜದ ಮರಿಯ ಜುಟ್ಟು ಅಗಲವಾಗಿ ಕೆಂಪೇರುತ್ತದೆ, ಕಾಲು ದಪ್ಪಗಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಕತ್ತಿನಲ್ಲೂ ಬಾಲದ ಬುಡದಲ್ಲೂ ಚೂಪಾದ, ಮಿರುಗುವ ಗರಿ. ಹೇಂಟೆಯದು ದುಂಡು ತುದಿ. ಇನ್ನು ಅನುಮಾನವಿಲ್ಲ. ಆಗಲೇ ಹುಂಜಗಳನ್ನೆಲ್ಲ ಹೇಂಟೆ ಕಣ್ಣಿಗೆ ಬೀಳದ ಬೇರೆ ಗೂಡಿಗೆ ಹಾಕಿದರೆ, ಮರಿಯಿಂದ ಒಟ್ಟಿಗೆ ಬೆಳೆದವು ತಕ್ಕಮಟ್ಟಿಗೆ ಹೊಂದಿಕೊಂಡಿರುತ್ತವೆ. ಒಂದನ್ನು ನಾಲ್ಕು ದಿನ ಹೊರಗಿಟ್ಟು ಮತ್ತೆ ಬಿಟ್ಟಿರೋ, ಜಗಳ ಹೊಸದಾಗಿ ಶುರು.

ತಳಿಗೆ ಉಳಿಸುವುದು ಎಲ್ಲರ ಮೇಲೂ ಎರಗುವ ಬಡಾಯಿ ಹುಂಜವನ್ನಲ್ಲ. ಕಾಳು ಕಂಡರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವ, ಹದ್ದು ಕಂಡರೆ ಎಚ್ಚರಿಸುವ ಹುಂಜ ಒಳ್ಳೆಯದು. ಮನೆಯ ಮರಿಯೇ ಮನೆಗೆ ಹುಂಜವಾದರೆ ತಲೆಮಾರಿನಿಂದ ತಲೆಮಾರಿಗೆ ತಳಿ ಸೊರಗುತ್ತದೆ, ಬೇರೆ ಊರಿನವರೊಂದಿಗೆ ಅದಲು ಬದಲು ಮಾಡಿಕೊಳ್ಳಬೇಕು. ತಂದದ್ದನ್ನು ಎರಡು ವಾರವಾದರೂ ದೂರ ಕಟ್ಟಿಡಿ. ಸಂತೆಯ ಕೋಳಿಯ ಜೊತೆ ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿ. ಹಳೆಯ ಹುಂಜದ ಬೀಜ ಹೇಂಟೆಯೊಳಗೆ ಎರಡು ವಾರದಷ್ಟು ಕಾಲ ಉಳಿಯುವುದರಿಂದ, ಹೊಸದರ ಮರಿ ಬೇಕಾದರೆ ಮೂರು ವಾರ ತಡೆದು ಮೊಟ್ಟೆ ಕಾವಿಗೆ ಇಡುವುದು ಜಾಣತನ.

ಹೆಚ್ಚಾದ ಹುಂಜ ಹಿತ್ತಲಿನದಷ್ಟೇ ಸಂಕಟವಲ್ಲ. ಮೊಟ್ಟೆಗೆಂದೇ ಬೆಳೆಸಿದ ಫಾರಂ ತಳಿಯ ಗಂಡು ಮರಿ ಮೊಟ್ಟೆಯನ್ನೂ ಕೊಡದು, ಬೇಗ ಮಾಂಸವನ್ನೂ ತುಂಬಿಕೊಳ್ಳದು; ಹುಟ್ಟಿದ ದಿನವೇ ಸಾಮಾನ್ಯವಾಗಿ ಅದರ ಕಥೆ ಮುಗಿಯುತ್ತದೆ. ಜರ್ಮನಿ 2022ರಿಂದ ಹೀಗೆ ಕೊಲ್ಲುವುದನ್ನು ನಿಷೇಧಿಸಿದೆ. ನಮ್ಮ ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳು ಹೆಚ್ಚಾಗಿ ಇವೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಈ ಬಿಕ್ಕಟ್ಟಿಗೆ ಒಂದು ಉತ್ತರ: ಹೇಂಟೆ ಮೊಟ್ಟೆಗೆ, ಬೇಗ ಮೈ ತುಂಬುವ ಹುಂಜ ಮಾಂಸಕ್ಕೆ.

ಕೊಯ್ಯಲೂ ಆಗದು, ಮಾರಲೂ ಮನಸ್ಸಿಲ್ಲ ಎನ್ನುವವರು ಹುಂಜವನ್ನು ಕೆರೆ ಏರಿಯಲ್ಲೋ ಗುಡಿಯ ಹಿಂದೆಯೋ ಬಿಟ್ಟು ಬರುತ್ತಾರೆ. ರಾತ್ರಿಯೊಳಗೆ ನಾಯಿ ಹಿಡಿಯುತ್ತದೆ. ಅಂಥವರು ಮರಿ ಎಬ್ಬಿಸುವ ಗೊಡವೆಗೇ ಹೋಗದೆ, ಬಲಿತ ಹೇಂಟೆಗಳನ್ನು ಮಾತ್ರ ತಂದು, ದಿನಾ ಮೊಟ್ಟೆ ಎತ್ತಿಬಿಡಲಿ. ಆದರೂ ಕಾವಿಗೆ ಕೂತರೆ, ಹುಲ್ಲು ಹಾಸದ, ಕೆಳಗಿನಿಂದ ಗಾಳಿಯಾಡುವ ತಂತಿ ತಳದ ಗೂಡಿನಲ್ಲಿ ಮೂರ್ನಾಲ್ಕು ದಿನ ನೀರು ಮೇವು ಕೊಟ್ಟು ಇರಿಸಿದರೆ ಸಾಮಾನ್ಯವಾಗಿ ಕಾವು ಇಳಿಯುತ್ತದೆ. ಕೆಲವು ವಾರಗಳಲ್ಲಿ ಅದು ಮತ್ತೆ ಮೊಟ್ಟೆಗೆ ಬರುತ್ತದೆ.